ಆರಿಸಿದ ಮೇಲಿನ ನಾಲ್ಕು ಕ್ಷಣ

ನಾನೊಂದು ಕೇಬಲ್ಲು. ಆರಡಿ ಉದ್ದ, ಕಪ್ಪು ಮೈ, ಒಳಗೆ ನಾಲ್ಕು ತಂತಿ. ನನ್ನಂಥವರು ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತಾರೆ. ಆದರೆ ನನ್ನನ್ನು ಯಾರೂ ತೂಗಲಿಲ್ಲ. ಮುಟ್ಟಲು ಜನ ಹೆದರುತ್ತಾರೆ.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ರೇಡಿಯೊ ರಿಪೇರಿಯ ಮೌನೇಶಾಚಾರ್ರ ಮೇಜಿನ ಮೇಲೆ. ಅವರು ಹೆಂಡತಿ ಸರ್ವಮಂಗಳೆಗಾಗಿ ವಾಲ್ವಿನ ಆಂಪ್ಲಿಫೈಯರ್ ಕಟ್ಟುತ್ತಿದ್ದರು. ಆಕೆಯ ತೀರಿಹೋದ ಅಕ್ಕ ನೀಲಕ್ಕ ಮೆಲ್ಲಗೆ ಹಾಡಿದ್ದ ಒಂದು ಜೋಗುಳ ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು ಆ ದನಿಯನ್ನು ನುಂಗಿಬಿಡುತ್ತಿತ್ತು. ಅದಕ್ಕೇ ಆಚಾರ್ರು ಟ್ರಾನ್ಸ್‌ಫಾರ್ಮರ್ ಇರುವ ಪವರ್ ಸಪ್ಲೈಯನ್ನು ಬೇರೆ ತಗಡಿನ ಪೆಟ್ಟಿಗೆಗೆ ಹಾಕಿ ದೂರ ಇಟ್ಟರು. ಎರಡರ ನಡುವಿನ ದಾರಿ ನಾನು. ಮುನ್ನೂರೈವತ್ತು ವೋಲ್ಟು ಹೊರಬೇಕೆಂದು ದಪ್ಪ ಚರ್ಮದವನನ್ನೇ ಆರಿಸಿದರು. ಒಂದು ತುದಿಯನ್ನು ಪೆಟ್ಟಿಗೆಗೆ ಬೆಸೆದರು. ಆಂಪ್ಲಿಫೈಯರಿಗೆ ಸಿಕ್ಕಿಸುವ ಇನ್ನೊಂದು ತುದಿಗೆ ಪ್ಲಗ್ಗು ಬೇಕಿತ್ತು.

“ತೂತಿಂದು ಹಾಕ್ರಿ ಆಚಾರ್ರೇ,” ಎಂದರು ಬಿಡಿಭಾಗ ಮಾರುವ ಖಾದರ್ ಸಾಬರು. “ಕರೆಂಟ್ ಬರೋ ತುದಿಗೆ ಪಿನ್ನು ಹೊರಗಿರಬಾರ್ದು. ಯಾರಾದ್ರೂ ಮುಟ್ಟಿಬಿಡ್ತಾರೆ.”

“ಈ ಹಿತ್ತಾಳೆ ಪಿನ್ನು ನೋಡ್ರಿ ಸಾಬ್ರೇ, ಎಷ್ಟು ಚಂದ ಐತೆ! ಮುಟ್ಟೋನು ನಾನೊಬ್ಬನೇ ಬಿಡ್ರಿ.”

ಆಚಾರ್ರು ಹಿಡಿದ ಮೊಲಕ್ಕೆ ಮೂರೇ ಕಾಲು. ಹೊಳೆಯುವ ನಾಲ್ಕು ಪಿನ್ನುಗಳು ನನಗೆ ಹಲ್ಲುಗಳಾಗಿ ಬಂದವು. ಸುಳ್ಳೇಕೆ ಹೇಳಲಿ, ನನಗೂ ಜಂಬವಿತ್ತು.

ಮೊದಲ ದಿನವೇ ನೀಲಕ್ಕನ ದನಿ ತಿಳಿಯಾಗಿ ಬಂತು. ಸರ್ವಮಂಗಳೆ ಸೆರಗು ಬಾಯಿಗೊತ್ತಿ ಅತ್ತಳು. ಆಚಾರ್ರು ಪೆಟ್ಟಿಗೆಯ ಸ್ವಿಚ್ ಆರಿಸಿದರು. ದನಿ ನಿಲ್ಲಲಿಲ್ಲ.

“ರೀ, ಆರಿಸಿದ ಮೇಲೂ ಹಾಡ್ತಾಳಲ್ರೀ!”

“ಪೆಟ್ಟಿಗೆಯೊಳಗೆ ಕರೆಂಟು ಸ್ವಲ್ಪ ಉಳಿದಿರತೈತೆ ಮಂಗಳಾ. ಅದು ಖಾಲಿ ಆಗೋವರೆಗೂ ಹಾಡತೈತೆ.”

ನಾಲ್ಕು ಕ್ಷಣ. ಆಮೇಲೆ ದನಿ ತೆಳ್ಳಗಾಗಿ ಇಲ್ಲವಾಯಿತು. ಪ್ರತಿ ಸಲವೂ ಆ ಉಳಿಕೆ ನನ್ನೊಳಗಿಂದಲೇ ಹಾದುಹೋಗುತ್ತಿತ್ತು. ತಣ್ಣಗೆ, ಯಾರೋ ಹೊಸ್ತಿಲು ದಾಟಿದ ಹಾಗೆ.

ಆಯುಧಪೂಜೆಯ ಬೆಳಿಗ್ಗೆ ಜೋಗುಳ ನಡೆದಿತ್ತು. ಪೂಜೆಗೆ ಹೊತ್ತಾಯಿತೆಂದು ಆಚಾರ್ರು ಅವಸರದಲ್ಲಿ ಮೊದಲು ನನ್ನನ್ನು ಆಂಪ್ಲಿಫೈಯರಿನಿಂದ ಕಿತ್ತರು, ಆಮೇಲೆ ಸ್ವಿಚ್ ಆರಿಸಿದರು. ಹಾಡು ಪದದ ನಡುವೆಯೇ ತಟ್ಟನೆ ನಿಂತಿತು. ಅವರು ಗಮನಿಸಲಿಲ್ಲ. ನನಗೆ ಗೊತ್ತಾಯಿತು. ಹಾಡಾಗಿ ಖಾಲಿಯಾಗಬೇಕಿದ್ದ ಕರೆಂಟು ನನ್ನ ಹಲ್ಲುಗಳಲ್ಲೇ ಕಾದು ಕುಳಿತಿತ್ತು.

ಆಚಾರ್ರು ಒದ್ದೆ ಬಟ್ಟೆಯಲ್ಲಿ ಟೆಸ್ಟರು, ಕಟ್ಟರು, ಕೊನೆಗೆ ಪೆಟ್ಟಿಗೆಯನ್ನೂ ಒರೆಸಿ ಸಾಲಾಗಿ ಜೋಡಿಸಿದರು. ನನ್ನೊಬ್ಬನ ಹೊರತು ಎಲ್ಲಕ್ಕೂ ಕುಂಕುಮ ಇಟ್ಟದ್ದಾಯಿತು.

“ಇದಕ್ಕೆ ನಾನಿಡ್ತೀನಿ. ಅಕ್ಕ ಬರೋದು ಇದರಲ್ಲೇ ಅಲ್ವಾ?” ಎಂದು ಸರ್ವಮಂಗಳೆ ಒದ್ದೆ ಬೆರಳಿಗೆ ಕುಂಕುಮ ತೆಗೆದುಕೊಂಡು ನನ್ನ ಪಿನ್ನುಗಳ ಕಡೆ ಚಾಚಿದಳು.

ಆಚಾರ್ರ ಒದ್ದೆ ಎಡಗೈ ತಗಡಿನ ಪೆಟ್ಟಿಗೆಯ ಮೇಲಿತ್ತು. ಅವರಿಗೆ ಆಗ ನೆನಪಾಯಿತು, ಇವತ್ತು ನಾಲ್ಕು ಕ್ಷಣದ ಹಾಡು ಕೇಳಲೇ ಇಲ್ಲ.

“ಮಂಗಳಾ, ಮುಟ್ಟಬೇಡ!”

ಕೂಗುತ್ತಲೇ ಒದ್ದೆ ಬಲಗೈಯಿಂದ ನನ್ನನ್ನು ಕಸಿದುಕೊಂಡರು. ಅಂಗೈ ನನ್ನ ಹಲ್ಲುಗಳ ಮೇಲೆ ಮುಚ್ಚಿಕೊಂಡಿತು. ನಾನು ಬೇಡವೆಂದೆ. ಕೇಬಲ್ಲಿನ ಮಾತು ಯಾರಿಗೆ ಕೇಳುತ್ತದೆ? ಉಳಿದಿದ್ದೆಲ್ಲ ಒಂದು ಕೈಯಿಂದ ಇನ್ನೊಂದು ಕೈಗೆ, ಅವರ ಎದೆಯೊಳಗಿಂದಲೇ ಹರಿದುಹೋಯಿತು. ಅವರು ಮತ್ತೆ ಏಳಲಿಲ್ಲ.

ವರ್ಷ ಕಳೆದ ಮೇಲೆ ಖಾದರ್ ಸಾಬರು ಬಂದು ಪಿನ್ನುಗಳನ್ನು ಕತ್ತರಿಸಿದರು. ತೂತಿನ ಪ್ಲಗ್ಗು ಹಾಕಿದರು. ಹಾಡು ಮತ್ತೆ ತಿಳಿಯಾಗಿ ಬಂತು. ಆದರೆ ಸ್ವಿಚ್ ಆರಿಸಿದ ಮೇಲಿನ ನಾಲ್ಕು ಕ್ಷಣದಲ್ಲಿ ನೀಲಕ್ಕನ ದನಿಯ ಕೆಳಗೆ ಗುಂಯ್ ಎಂಬ ಸದ್ದು ಸೇರಿಕೊಂಡಿತ್ತು. ಸಾಬರು ಎಲ್ಲ ಬಿಚ್ಚಿ ನೋಡಿದರು. ದೋಷ ಸಿಗಲಿಲ್ಲ.

“ಬಿಡ್ರಿ ಸಾಬ್ರೇ,” ಎಂದಳು ಸರ್ವಮಂಗಳೆ. “ಅದನ್ನ ತೆಗೀಬ್ಯಾಡ್ರಿ. ಅಕ್ಕನ ಜೋಡಿ ಅವ್ರೂ ಇರ್ಲಿ.”

ಈಗ ನನಗೆ ವಯಸ್ಸಾಗಿದೆ. ಮೈ ಬಿರಿದಿದೆ, ವಾಲ್ವುಗಳು ಸುಟ್ಟು ಹಾಡೂ ನಿಂತಿದೆ. ಕಪಾಟಿನ ಮೂಲೆಯಲ್ಲಿ ಸುತ್ತಿಕೊಂಡು ಮಲಗಿದ್ದೇನೆ. ನನ್ನ ಬಾಯಲ್ಲಿ ಬರೀ ತೂತುಗಳು, ಮುಟ್ಟಿದರೆ ಏನೂ ಆಗುವುದಿಲ್ಲ. ಅದು ಸರ್ವಮಂಗಳೆಗೂ ಗೊತ್ತು. ಆದರೂ ಪ್ರತಿ ಆಯುಧಪೂಜೆಗೆ ಒದ್ದೆ ಬೆರಳಿಗೆ ಕುಂಕುಮ ಹಚ್ಚಿಕೊಂಡು ನನ್ನ ಹತ್ತಿರ ತರುತ್ತಾಳೆ. ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸುತ್ತಾಳೆ. ಯಾರಾದರೂ ಕೂಗಲಿ ಎಂದು ನಾಲ್ಕು ಕ್ಷಣ ಕಾಯುತ್ತಾಳೆ.