ಆವಿ ಕೊಟ್ಟ ಮಣ್ಣು

ಸಸ್ಯೋದ್ಯಾನದ ಬೀಜದ ಕೋಣೆಯಲ್ಲಿ ಮಣ್ಣಿಗೆ ಆವಿ ಕೊಡುವುದು ಅವಳ ಕೆಲಸ. ಎಳೆ ಸಸಿಗಳನ್ನು ಬುಡದಲ್ಲೇ ಕೊಳೆಸುವ ಬೂಷ್ಟು ಸಾಯಬೇಕೆಂದರೆ ಮಣ್ಣು ಅರ್ಧ ಗಂಟೆ ಡ್ರಮ್ಮಿನಲ್ಲಿ ಬೇಯಬೇಕು. ಇಪ್ಪತ್ತೆರಡು ವರ್ಷಗಳಲ್ಲಿ ತನ್ನ ಕೈ ದಾಟಿದ ಮಣ್ಣಿನಲ್ಲಿ ಒಂದು ಸಸಿಯೂ ಕೊಳೆತಿಲ್ಲ ಎಂಬ ಹೆಮ್ಮೆ ಅವಳಿಗೆ.

ಅಣ್ಣನೂ ಅಲ್ಲೇ ಮಾಲಿ. ಇಬ್ಬರೂ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಕಾರಣ ಕೇಳಿದರೆ ನಗು ಬರಬೇಕು: ಕೆಸರು ಬೂಟಿನಲ್ಲೇ ಒಳಗೆ ಬಂದವನನ್ನು ಅವಳು ಎಲ್ಲರೆದುರು "ಇದೇನು ದನದ ಕೊಟ್ಟಿಗೆ ಅಂದ್ಕೊಂಡ್ಯಾ?" ಎಂದು ಗದರಿದ್ದಳು. ಅವನು ಮುಖ ಊದಿಸಿಕೊಂಡು ಹೋದ. ಇವಳಾದರೂ ಸೋಲುವವಳೇ?

ಆ ಬೇಸಿಗೆಯಲ್ಲಿ ರಸ್ತೆಗೆಂದು ಗುಡ್ಡದ ಇಳಿಜಾರನ್ನು ಅಗೆಯತೊಡಗಿದರು. ಅಲ್ಲಿ ಉಳಿದಿದ್ದ ನೆಲದ ಆರ್ಕಿಡ್ಡಿನ ಕೊನೆಯ ಕಾಯಿಗಳನ್ನು ಅಣ್ಣ ಬಿಡಿಸಿ ತಂದ. ಬುಡದ ಮಣ್ಣನ್ನೂ ಒಂದು ತೊಟ್ಟಿ ತುಂಬಿ ತಂದು, ತಂಪಿರಲಿ ಎಂದು ಅವಳ ಕೋಣೆಯ ಮೂಲೆಯಲ್ಲಿಟ್ಟ. ಏನೂ ಹೇಳಲಿಲ್ಲ. ಹೇಳಲು ಬಾಯಿ ಬಿಡಬೇಕಿತ್ತಲ್ಲ! ಎರಡೇ ದಿನಕ್ಕೆ ಎದೆನೋವೆಂದು ಆಸ್ಪತ್ರೆ ಸೇರಿದ.

ಹೋಗಿ ನೋಡಲು ಅವಳ ಹಟ ಬಿಡಲಿಲ್ಲ. ಅವನ ಮಣ್ಣನ್ನಾದರೂ ತಾನೇ ಹದ ಮಾಡಿ ಕೊಡೋಣ ಎಂದು, ಒಮ್ಮೆ ಸಾಲದೆ ಎರಡು ಸಲ ಆವಿ ಕೊಟ್ಟಳು. ಬೀಜದ ಕೋಣೆಯ ಮೇಡಂ ಆ ಮಣ್ಣಿನಲ್ಲೇ ಆರ್ಕಿಡ್ಡಿನ ಬೀಜ ಉದುರಿಸಿದರು.

ಎಪ್ಪತ್ತು ದಿನ ಕಳೆದರೂ ಒಂದೂ ಮೊಳೆಯಲಿಲ್ಲ.

"ಇದಕ್ಕೆ ಆವಿ ಕೊಟ್ರಾ?" ಮೇಡಂ ಕೇಳಿದರು.

"ಎರಡು ಸಲ ಕೊಟ್ಟೆ."

ಮೇಡಂ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ನಿಮ್ಮಣ್ಣ ಹೇಳಿರ್ತಾರೆ ಅಂದ್ಕೊಂಡೆ. ಈ ಬೀಜ ಬರೀ ಧೂಳಮ್ಮ, ಒಳಗೆ ಬುತ್ತಿನೇ ಇರಲ್ಲ. ಮಣ್ಣಲ್ಲಿರೋ ಒಂದು ಶಿಲೀಂಧ್ರ ನೂಲಿನ ಹಾಗೆ ಒಳಗೆ ಹೋಗಿ ಉಣಿಸಿದ್ರೆ ಮಾತ್ರ ಮೊಳಕೆ. ಅದು ಸತ್ತುಹೋಯ್ತು."

ಅಣ್ಣ ಇನ್ನೂ ಆಸ್ಪತ್ರೆಯಲ್ಲೇ ಇದ್ದ. ಅವಳು ಸೀದಾ ಅಲ್ಲಿಗೆ ಹೋದಳು. "ಅಣ್ಣಾ, ನಿನ್ನ ಮಣ್ಣು ಬೇಯಿಸಿಬಿಟ್ಟೆ ಕಣೋ."

ಅವನು ಗೋಡೆಯ ಕಡೆಯಿಂದ ಇವಳತ್ತ ಹೊರಳಿದ. "ಒಂದು ಮಾತು ಹೇಳಿದ್ರೆ ಮುಗೀತಿತ್ತು. ನಾನು ಹೇಳಲಿಲ್ಲ ನೋಡು."

"ನಾನಾದ್ರೂ ಕೇಳಬಹುದಿತ್ತು."

"ಒಂದೇ ಹೊಟ್ಟೇಲಿ ಹುಟ್ಟಿದ ಎರಡು ಕತ್ತೆಗಳು," ಎಂದು ನಗಹೋದವನಿಗೆ ಕೆಮ್ಮು ಒತ್ತರಿಸಿ ಬಂತು. ಅವಳು ಬೆನ್ನು ನೀವಿದಳು.

ಆಮೇಲೆ ಹನ್ನೆರಡು ದಿನ ಇಬ್ಬರೂ ಹೊಟ್ಟೆ ತುಂಬ ಮಾತಾಡಿದರು. ಹದಿಮೂರನೆಯ ಬೆಳಗ್ಗೆ ಅವಳು ಹೋಗುವಷ್ಟರಲ್ಲಿ ಹಾಸಿಗೆ ಖಾಲಿಯಾಗಿತ್ತು.

ಅಣ್ಣನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಅವಳು ಗುಡ್ಡಕ್ಕೆ ಹೋದಳು. ಇಳಿಜಾರಿನ ಮೇಲೆ ಡಾಂಬರು ಬಿದ್ದಿತ್ತು. ಅಂಚಿನಲ್ಲಿ ಉಗುರಿನಿಂದ ಕೆರೆದು ಒಂದು ಬೊಗಸೆ ಮಣ್ಣು ತಂದು ತಟ್ಟೆಗೆ ಹಾಕಿದಳು. ಫ್ರಿಜ್ಜಿನಲ್ಲಿ ಉಳಿದಿದ್ದ ಕೊನೆಯ ಚಿಟಿಕೆ ಬೀಜವನ್ನು ಮೇಡಂ ಅದರಲ್ಲಿ ಬಿತ್ತಿದರು.

ಮಳೆಗಾಲ ಮುಗಿಯುತ್ತ ಬಂದಾಗ ಮೇಡಂ ದಾಖಲೆಯಲ್ಲಿ 'ಮೊಳಕೆಯಿಲ್ಲ' ಎಂದು ಬರೆದರು. ಅದಾದ ಮೇಲೂ ಅವಳು ದಿನಾ ಆ ತಟ್ಟೆಗೆ ನೀರು ಚಿಮುಕಿಸುತ್ತಿದ್ದಳು.