ಹತ್ತಿರದಿಂದ ನೋಡಿದ ಹೆಣ

“ಲೇ ತೋಟಿ, ಗಾಳಿ ನಮ್ಮ ಕಡೀಗೆ ಬೀಸ್ತೈತೆ. ಹೆಣಾನ ಅತ್ಲಾಗೆ ಎಳಿಯೋ ಬೋಳಿಮಗನೆ. ಗೌಡ್ರು ಉಂಡು ಬಂದಾರೆ.”

ಹೀಗೆ ಕೂಗಿದ ದಫೇದಾರ ಲಿಂಗಣ್ಣ ಹರಿಹರದ ಕಡೆಯಿಂದ ಸೈಕಲ್ ತುಳಿದು, ಕೊಂಡಜ್ಜಿ ದಾಟಿ ಈ ಹಳ್ಳಿಯ ಕೆರೆ ಏರಿಗೆ ಬಂದಿದ್ದ. ಬೇವಿನ ನೆರಳಿಗೆ ಜಮಖಾನ ಹಾಸಿತ್ತು. ಅದರ ಮೇಲೆ ಐದು ಮಂದಿ ಪಂಚರು, ನಟ್ಟನಡುವೆ ಗೌಡ ಕೆಂಚವೀರಪ್ಪ. ಅಷ್ಟು ದೂರದಲ್ಲಿ, ಬಿಸಿಲಿಗೆ, ಹೆಣ. ಹೆಣದ ಪಕ್ಕ ತೋಟಿ ಗುತ್ತೆಪ್ಪ. ಊರಲ್ಲಿ ಯಾರು ಕೆರೆಗೆ ಬಿದ್ದರೂ, ನೇಣು ಹಾಕಿಕೊಂಡರೂ, ಪೊಲೀಸರ ಮುಂದೆ ಹೆಣ ಹೊರಳಿಸಿ ತೋರಿಸುವುದು ತೋಟಿಯ ಪಾಲಿನ ಕೆಲಸ. ಕಂಡದ್ದನ್ನು ಅವನು ಕೂಗಿ ಹೇಳಬೇಕು, ಪಂಚರು ತಲೆಯಾಡಿಸಬೇಕು, ದಫೇದಾರ ಬರೆಯಬೇಕು. ಮಹಜರಿಗೆ ಸಹಿ ಹಾಕುವವರು ನೆರಳಲ್ಲಿ ಕೂತವರು. ಕನ್ನಡ ನಾಡು ಒಂದಾಗಿ ಹೊಸ ರಾಜ್ಯವಾಗಿ ಎರಡು ವರ್ಷ ಕಳೆದಿದ್ದರೂ ಕೇರಿಯವನ ಹೆಬ್ಬೆಟ್ಟು ಯಾರಿಗೂ ಬೇಕಿರಲಿಲ್ಲ.

ಹದಿನೈದು ವರ್ಷದಿಂದ ಗುತ್ತೆಪ್ಪ ಈ ಕೆಲಸ ಮಾಡುತ್ತಿದ್ದ. ಏನನ್ನು ಕೂಗಬಾರದು ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋದ ಸುಗ್ಗಿಯಲ್ಲಿ ಇದೇ ಕೆರೆಯಲ್ಲಿ ತೇಲಿದ ಕೇರಿಯ ದುರುಗಮ್ಮನ ಹೆಣದ ತೊಡೆಯ ಮೇಲೆ ಸುಟ್ಟ ಬರೆಗಳನ್ನು ಕಣ್ಣಾರೆ ಕಂಡೂ “ಏನೂ ಇಲ್ರೀ” ಅಂದಿದ್ದ. ಅವತ್ತು ಮನೆಗೆ ಹೋಗಿ ಹೊಟ್ಟೆತುಂಬ ಉಂಡಿದ್ದ. ನೆನೆದರೆ ಈಗ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಇವತ್ತು ಮಲಗಿದ್ದವನು ಒಡಹುಟ್ಟಿದ ತಮ್ಮ ಮೈಲಪ್ಪ. ಗೌಡನ ಮನೆಯಲ್ಲಿ ಜೀತಕ್ಕಿದ್ದವನು ಹೇಳದೆ ಕೇಳದೆ ದಾವಣಗೆರೆಗೆ ಹೋಗಿ ಬಟ್ಟೆ ಗಿರಣಿ ಸೇರಿದ್ದ. ಅಮಾವಾಸ್ಯೆಗೆ ಊರಿಗೆ ಬಂದವನು ಇಸ್ತ್ರಿ ಅಂಗಿ ತೊಟ್ಟು, ಗೌಡನ ಕಟ್ಟೆಯ ಮುಂದೆ ಚಪ್ಪಲಿ ಕಳಚದೆ ನಡೆದುಬಿಟ್ಟ. ಮಾರನೆ ಬೆಳಿಗ್ಗೆ ಆಳುಗಳು ಅವನನ್ನು ಗೌಡನ ಕಣಕ್ಕೆ ಎಳೆದೊಯ್ದದ್ದನ್ನು ಕೇರಿಯೆಲ್ಲ ಕಂಡಿತ್ತು. ಮೂರನೆಯ ದಿನಕ್ಕೆ ಕೆರೆಯಲ್ಲಿ ತೇಲಿದ. ಕಾಲು ಜಾರಿ ಬಿದ್ದ ಎಂದು ಬರೆದುಬಿಟ್ಟರೆ ಅಲ್ಲಿಗೆ ಮುಗಿಯಿತು, ಕೊಂದವರ ಬಾಗಿಲು ತಟ್ಟುವವರಿಲ್ಲ. ಇದ್ದದ್ದನ್ನು ಇದ್ದಂತೆ ಹೇಳು ಎಂದು ಅವ್ವ ಹಂಪವ್ವ ಹಿರಿಮಗನ ಕೈಹಿಡಿದು ಕಳಿಸಿದ್ದಳು.

ಲಿಂಗಣ್ಣನಿಗೆ ತನ್ನ ಬರವಣಿಗೆಯ ಮೇಲೆ ಬಲು ಜಂಬ. ವರದಿ ಎಂದರೆ ಒಂದು ಕಾಟು, ಒಂದು ತಿದ್ದುಪಡಿ ಇರಬಾರದು, ಓದಿದರೆ ಕೂಸಿಗೂ ತಿಳಿಯಬೇಕು ಎನ್ನುತ್ತಿದ್ದ. ಒಂದೊಂದೇ ಅಂಗ ಕೇಳತೊಡಗಿದ.

“ಎದಿ?”

“ಪಕ್ಕೆಲುಬು ಮುರದಾವ್ರೀ. ಕೈ ಇಟ್ರೆ ಒಳೀಕೆ ಹೋಗ್ತೈತೆ.”

ಲೇಖನಿ ಓಡಿತು. ಮಣಿಕಟ್ಟಿಗೆ ಹಗ್ಗ ಕೊರೆದ ಗುರುತಿದೆ ಎಂದ, ಓಡಿತು. ಮುಂದಿನ ಹಲ್ಲಿಲ್ಲ, ನಾಲಿಗೆ ಸುಟ್ಟಿದೆ ಎಂದ, ಓಡಿತು. ಬರೆಯುತ್ತಿದ್ದಾನಲ್ಲ ಎಂದು ಗುತ್ತೆಪ್ಪನ ಜೀವಕ್ಕೆ ಒಂದಿಷ್ಟು ಸಮಾಧಾನವೂ ಆಯಿತು, ಪಾಪ.

ಲಿಂಗಣ್ಣ ಗಂಟಲು ಸರಿಮಾಡಿಕೊಂಡು ಓದಿದ: “ಪಂಚರಾದ ನಾವು ಶವವನ್ನು ಅತಿ ಹತ್ತಿರದಿಂದ ಹೊರಳಿಸಿ ನೋಡಲಾಗಿ, ಮೈಮೇಲೆ ಯಾವುದೇ ಗಾಯದ ಗುರುತು ಕಂಡುಬರಲಿಲ್ಲ. ಸದರಿಯವನು ಕುಡಿದ ಅಮಲಿನಲ್ಲಿ ಕಾಲು ಜಾರಿ ಕೆರೆಗೆ ಬಿದ್ದು ಮೃತಪಟ್ಟಿರುತ್ತಾನೆ.”

ತಾನು ಕೂಗಿದ್ದೆಲ್ಲ ಎಲ್ಲಿ ಹೋಯಿತು ಎಂದು ಗುತ್ತೆಪ್ಪ ಕೇಳಿದ. ಪಂಚರು ನಕ್ಕರು. ಕೆಂಚವೀರಪ್ಪ ಎಲೆಯಡಿಕೆ ಉಗುಳಿ, ಅಂದು ಮೊದಲ ಸಲ ಬಾಯಿಬಿಟ್ಟ.

“ಮಣ್ಣು ಮಾಡ್ಹೋಗಲೇ. ನಾಳಿಂದ ಅವನ ಜಾಗಕ್ಕೆ ನಿನ್ನ ಮಗನ್ನ ಕಳಿಸು.”

ಗುತ್ತೆಪ್ಪ ಬಗ್ಗಿ ತಮ್ಮನನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಉಬ್ಬಿದ ಹೊಟ್ಟೆಯ ನೀರು ಅವನ ಬೆನ್ನ ಮೇಲೆ ಇಳಿಯಿತು. ಸುಡುಗಾಡಿಗೆ ಹೊರಟ ಎಂದೇ ಎಲ್ಲರೂ ತಿಳಿದರು. ಅವನು ನೆಟ್ಟಗೆ ಬೇವಿನ ನೆರಳಿಗೆ ಬಂದು, ಚಕ್ಕಳಮಕ್ಕಳ ಹಾಕಿ ಕೂತಿದ್ದ ಗೌಡನ ತೊಡೆಯ ಮೇಲೆ ಹೆಣ ಇಳಿಸಿದ.

“ಹತ್ರದಿಂದ ನೋಡೀವಿ ಅಂತ ಬರ್ಸೀರಲ್ಲ. ಈಗ ನೋಡ್ರಿ. ಬಾಯಿ ತಗ್ದು ನೋಡ್ರಿ.”

ಪಂಚರು ಪಂಚೆ ಎತ್ತಿಕೊಂಡು ದಿಕ್ಕಾಪಾಲಾದರು. ಗೌಡನ ಮೈ ಭಾರ, ಮೊಣಕಾಲು ಸೋತದ್ದು, ಏಳಲು ಆಗಲಿಲ್ಲ. ಎರಡೂ ಕೈ ಮೇಲೆತ್ತಿಕೊಂಡು ತೆಗೀರೋ ತೆಗೀರೋ ಎಂದು ಅರಚಿದ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಬದುಕಿದ್ದಾಗ ಅದೇ ಮೈಯನ್ನು ಹಿಡಿದು ಎಳೆದ ಕೈಗಳು ಈಗ ಮುಟ್ಟಲೊಲ್ಲವು. ಮೈಲಿಗೆಯ ಹೆಣ ಎತ್ತಬೇಕಾದವನು ಊರಿಗೆಲ್ಲ ಒಬ್ಬನೇ, ಅವನು ಕೈಕಟ್ಟಿ ಕೂತುಬಿಟ್ಟಿದ್ದ.

ಲಿಂಗಣ್ಣನ ಲಾಠಿ ಗುತ್ತೆಪ್ಪನ ಮೇಲೆ ಬಿತ್ತು. ಎತ್ತೋ ಸೂಳೆಮಗನೆ ಎನ್ನುತ್ತ ಬೆನ್ನು, ಕಿವಿ, ಮೂಗು ನೋಡದೆ ಬಾರಿಸಿದ. ಗುತ್ತೆಪ್ಪನ ಬಾಯಿಂದ ರಕ್ತ ಸುರಿದು ಜಮಖಾನದ ಮೇಲೆ ಬಿದ್ದಿದ್ದ ಮಹಜರಿನ ಕಾಗದಕ್ಕೆ ಹರಿಯಿತು.

“ಮೊದ್ಲು ಬರೀರಿ,” ಎಂದ. “ಬರದ್ ಮ್ಯಾಲೆ ಎತ್ತತೀನಿ.”

ಲಾಠಿ ಮತ್ತೆ ಎದ್ದಿತು. ಭುಜದ ಎಲುಬು ಲಟಕ್ಕೆಂದಿತು. ಗುತ್ತೆಪ್ಪ ಕೂತಲ್ಲಿಂದ ಕದಲಲಿಲ್ಲ.