ಕೊಳಕ್ಕೆ ಬಿಟ್ಟ ಬೋರ್ ನೀರು

ನಾನು ಬಸವೇಶ, ಹೆಮ್ಮಿಗೆ ಪಕ್ಕದ ಸಣ್ಣ ಊರಿನ ನೀರುಗಂಟಿ. ಹದಿನೆಂಟು ವರ್ಷದಿಂದ ವಾಲ್ವ್ ತಿರುಗಿಸುತ್ತ ಊರಿನವರ ಬೈಗುಳ ತಿಂದಿದ್ದೇನೆ. ಈ ಬೇಸಿಗೆಯಲ್ಲಿ ಕೊಳಕ್ಕೆ ನೀರು ಬಿಟ್ಟಾಗ ಮಾತ್ರ ಎಲ್ಲರೂ ಹೊಗಳಿದರು. ಅದನ್ನು ನೆನೆದರೇ ನಾಚಿಕೆಯಾಗುತ್ತದೆ.

ನಮ್ಮ ಕೊಳದ ಮೀನನ್ನು ಯಾರೂ ಹಿಡಿಯುವುದಿಲ್ಲ, ಹರಕೆಗೆ ಬಿಟ್ಟವು. ಎಪ್ಪತ್ತು ದಾಟಿದ ಗುರುಸಿದ್ದಮ್ಮ ದಿನಾ ಬೆಳಿಗ್ಗೆ ಸೆರಗಿನಲ್ಲಿ ಪುರಿ ಕಟ್ಟಿಕೊಂಡು ಬಂದು, "ಬನ್ರೋ ಮಕ್ಳಾ" ಎಂದು ಕರೆದು ಹಾಕುತ್ತಾಳೆ. ಹಳೇ ಬೋರ್ ಬತ್ತಿ ಊರಿಗೆ ಹೊಸದು ಕೊರೆಸಿದ್ದರು. ಏಪ್ರಿಲ್‌ನಲ್ಲಿ ಕೊಳದ ನೀರು ಮೊಣಕಾಲಿಗಿಳಿದಾಗ ಅವಳೇ ಕೇಳಿದಳು.

"ಬಸವೇಸ, ಒಸ ಬೋರ್ ನೀರ ಕೊಳಕ್ಕೆ ಬುಡಪ್ಪ. ಸತ್ತೋಯ್ತವೆ."

ಬಿಟ್ಟೆ. ವಾರದಲ್ಲೇ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಹಸಿವೆಂದು ಅವಳು ಪುರಿ ಹೆಚ್ಚಿಸಿದಳು. ನೀರು ಸಾಲದೆಂದು ನಾನು ವಾಲ್ವ್ ಇನ್ನೆರಡು ಸುತ್ತು ಬಿಚ್ಚಿದೆ. ಎಂಥ ಪೆದ್ದ ನಾನು!

ಐದು ಮೀನು ಸತ್ತು ತೇಲಿದ ದಿನ, ನಂಜನಗೂಡಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ನನ್ನ ಮಗಳು ಪವಿತ್ರ ಒಂದರ ಕಿವಿರು ಎತ್ತಿ ತೋರಿಸಿದಳು. ಕೆಂಪಗಿರಬೇಕಾದದ್ದಕ್ಕೆ ಕಂದು ಲೋಳೆ ಮೆತ್ತಿತ್ತು. ನೀರನ್ನು ಕಾಲೇಜಿಗೆ ಒಯ್ದು ಪರೀಕ್ಷೆ ಮಾಡಿಸಿಕೊಂಡು ಬಂದಳು.

"ಕಬ್ಬಿಣ ಕಣಪ್ಪಾ, ವಿಪರೀತ. ಬೋರ್‌ನಿಂದ ತಿಳಿಯಾಗೇ ಬತ್ತದೆ, ಗಾಳಿ ತಾಕಿದ್ಮೇಲೆ ತುಕ್ಕಾಗಿ ಕಿವಿರಿಗೆ ಅಂಟ್ಕೊಳ್ತದೆ. ಹಸಿವಿಗಲ್ಲ, ಉಸಿರು ಕಟ್ಟಿ ಬಾಯ್ ಬಿಡ್ತವೆ. ಮೈಯೊಳಕ್ಕೆ ಹೋಗಿದ್ದು, ಉಸಿರಾಡೋ ಆಮ್ಲಜನಕನೇ ವಿಷ ಮಾಡಿ ಒಳಗೊಳಗೇ ಸುಡ್ತದೆ."

"ಈಗ್ಲೇ ನಿಲ್ಸುದ್ರೆ?"

"ಒಳಗಿರೋದನ್ನ ತೆಗೆಯೋಕೆ ನಮ್ ಕೈಲಾಗಲ್ಲ. ಕೆಲವಾದ್ರೂ ಉಳೀಬೌದು, ನಿಲ್ಸು."

ಕೊಳದ ವಾಲ್ವ್ ಮುಚ್ಚಿದೆ. ಮಧ್ಯಾಹ್ನವೇ ಗುರುಸಿದ್ದಮ್ಮ ನಮ್ಮ ಬಾಗಿಲಿಗೆ ಬಂದಳು.

"ಅವು ಬಾಯ್ ಬಾಯ್ ಬುಡ್ತಾವೆ, ನೀರ್ ನಿಲ್ಸಿದ್ದೀಯಲ್ಲೋ ಪಾಪಿ!"

ಎಲ್ಲ ಬಿಡಿಸಿ ಹೇಳಿದೆ, ಸತ್ತ ಮೀನಿನ ಕಿವಿರನ್ನೂ ತೋರಿಸಿದೆ.

"ಕಬ್ಬಿಣವಂತೆ! ಅದೇ ನೀರ ನಾನೂ ಕುಡೀತೀನಿ, ಸತ್ತೋದ್ನಾ? ನಾಕಕ್ಸರ ಕಲ್ತ್ಬುಟ್ಟು ನಿನ್ ಮಗಳು ನಂಗೇ ಏಳ್ಕೊಡಾಕ್ ಬಂದ್ಳಾ?"

ನನಗೂ ರೇಗಿತು, ಕೂಗಾಡಿದೆ. ಅವಳು ಸೆರಗು ಕೊಡವಿ ಹೊರಟುಹೋದಳು.

ಮಾರನೇ ಬೆಳಿಗ್ಗೆ ನೋಡಿದರೆ ಗುರುಸಿದ್ದಮ್ಮ ಬೀದಿ ನಲ್ಲಿಯಲ್ಲಿ ಕೊಡ ತುಂಬಿಸಿ, ಸೊಂಟಕ್ಕೇರಿಸಿಕೊಂಡು ಕೊಳದ ಮೆಟ್ಟಿಲು ಇಳಿಯುತ್ತಿದ್ದಾಳೆ. ಅದೇ ಬೋರ್ ನೀರು. ನಲ್ಲಿ ನಿಲ್ಲಿಸೋಣವೆಂದರೆ ಊರಿಗೆ ಕುಡಿಯಲು ಇರುವುದೂ ಅದೊಂದೇ. ಓಡಿಹೋಗಿ ಕೊಡ ಹಿಡಿದೆ.

"ಬ್ಯಾಡ ಕಣವ್ವಾ, ನಿನ್ ಕಾಲಿಗ್ ಬೀಳ್ತೀನಿ."

"ಬುಡ್ಲಾ! ನೀನ್ ಕೊಡ್ದಿದ್ರೆ ನಾನ್ ಕೊಡ್ತೀನಿ. ನೋಡಲ್ಲಿ, ಎಂಗ್ ಕೇಳ್ತಾವೆ."

ಅವಳು ಕೊಡವನ್ನು ಅವಚಿಕೊಂಡು ಮೆಟ್ಟಿಲ ಅಂಚಿಗೆ ಸರಿದಳು. ಜಗ್ಗಿದರೆ ಬೀಳುತ್ತಾಳೆ. ಕೈ ಬಿಟ್ಟೆ. ಬಾಯಿ ತೆರೆದಿದ್ದ ಮೀನುಗಳ ನಡುವಿಗೇ ಕೊಡ ಬಗ್ಗಿಸಿ, ಅವಳು ಇನ್ನೊಂದು ತರಲು ಹೊರಟಳು.